ಡಬ್ಬಿಯ ಅನ್ನ, ಅಂಗಳದ ತರಗೆಲೆ

ಮಹಾನಗರದ ಯಾವುದೇ ಶಾಲೆಯ ಒಂದು ದಿನದ ಕಸವನ್ನು ನೆಲದ ಮೇಲೆ ಸುರುವಿ ನೋಡಿದರೆ ಮುಖ್ಯವಾಗಿ ಮೂರು ವಸ್ತುಗಳು ಕಾಣಸಿಗುತ್ತವೆ: ಮಕ್ಕಳ ಡಬ್ಬಿಯಲ್ಲೋ ಮಧ್ಯಾಹ್ನದ ಖಿಚಡಿಯ ತಟ್ಟೆಯಲ್ಲೋ ಉಳಿದ ಆಹಾರ, ಹರಿದ ಕಾಗದ, ಅಂಗಳದ ಮರಗಳಿಂದ ಉದುರಿದ ಎಲೆ. ಕಾಗದಕ್ಕೆ ರದ್ದಿಯವನಿದ್ದಾನೆ. ಅನ್ನ ಮತ್ತು ಎಲೆ ಒಂದಕ್ಕೊಂದು ಬೇಕಾದ ವಸ್ತುಗಳು. ಆದರೂ ಬಹುತೇಕ ಶಾಲೆಗಳಲ್ಲಿ ಅವು ಬೇರೆ ಬೇರೆ ಚೀಲಗಳಲ್ಲಿ ತುಂಬಿ ಪಾಲಿಕೆಯ ಲಾರಿಯನ್ನೇರುತ್ತವೆ. ಅವೆರಡನ್ನೂ ಶಾಲೆಯ ಆವರಣದಲ್ಲೇ ಒಂದುಗೂಡಿಸುವುದು ನಾವು ಕೆಲವು ಮಂದಿ ಬಿಡುವಿನ ವೇಳೆಯಲ್ಲಿ ಕೈಗೊಂಡಿರುವ ಕೆಲಸ.

ಲಾರಿ ಹೋಗುವುದೆಲ್ಲಿಗೆ ಎಂಬುದು ಮುಂಬಯಿ ಕನ್ನಡಿಗರಿಗೆ ಹೊಸತೇನಲ್ಲ. 1927ರಿಂದ ಕಸ ಸುರಿಯುತ್ತ ಬಂದ ದೇವನಾರ್‌ನ ಗುಡ್ಡಕ್ಕೆ 2016ರ ಜನವರಿಯಲ್ಲಿ ಬೆಂಕಿ ಹತ್ತಿಕೊಂಡಾಗ ಚೆಂಬೂರು, ಗೋವಂಡಿ ಪರಿಸರದಲ್ಲಿ ದಿನಗಟ್ಟಲೆ ಹೊಗೆ ಕವಿದಿತ್ತು; ಸುತ್ತಲಿನ ಶಾಲೆಗಳಿಗೆ ರಜೆ ಸಾರಬೇಕಾಯಿತು. ಗಾಳಿಯಾಡದೆ ಹೂತುಹೋದ ಹಸಿ ಕಸ ಕೊಳೆಯುವಾಗ ಮೀಥೇನ್ ಅನಿಲ ಹುಟ್ಟುತ್ತದೆ. ಅಂಥ ಗುಡ್ಡಗಳಲ್ಲಿ ಬೆಂಕಿಯನ್ನು ಉರಿಸುವುದು ಇದೇ. ಮಗು ಬಿಟ್ಟ ಹಿಡಿ ಅನ್ನ ಹೀಗೆ ಬೇರೊಂದು ಮಗುವಿನ ಶಾಲೆಯನ್ನು ಮುಚ್ಚಿಸಬಲ್ಲದು. ಗೋರಾಯಿಯ ಕಸದ ಮೈದಾನ 2007ರಲ್ಲಿ, ಮುಲುಂಡಿನದು 2018ರಲ್ಲಿ ಮುಚ್ಚಿದ ಬಳಿಕ ನಗರದ ಕಸದ ಭಾರ ಉಳಿದ ಕಡೆಗೆ ವಾಲಿತು.

ಇಲ್ಲಿನ ನಾಗರಿಕರು ಸುಮ್ಮನೆ ಕುಳಿತವರಲ್ಲ ಎಂಬುದನ್ನೂ ಹೇಳಬೇಕು. ಘಾಟ್‌ಕೋಪರ್‌ನ ಜೋಶಿ ಲೇನ್‌ನ ನಿವಾಸಿಗಳು ತಮ್ಮ ಓಣಿಯ ಕಸವನ್ನು ತಾವೇ ವಿಂಗಡಿಸತೊಡಗಿದ ಮಾದರಿಯನ್ನು ಹಿಡಿದು ಪಾಲಿಕೆಯು 1997ರಲ್ಲಿ ಎ.ಎಲ್.ಎಂ. ಎಂಬ ಬಡಾವಣೆ ಸಮಿತಿಗಳ ಯೋಜನೆಯನ್ನು ಜಾರಿಗೆ ತಂದಿತು. ಮರುವರ್ಷ ಸ್ತ್ರೀ ಮುಕ್ತಿ ಸಂಘಟನೆಯು ‘ಪರಿಸರ ವಿಕಾಸ’ದ ಮೂಲಕ ಕಸ ಆಯುವ ಮಹಿಳೆಯರಿಗೆ ಗೊಬ್ಬರ ತಯಾರಿಕೆಯ ತರಬೇತಿಗೆ ತೊಡಗಿತು. ‘ಓಲಾ ಕಚರಾ, ಸುಕಾ ಕಚರಾ’ ಎಂಬ ಮಾತು ನಮ್ಮ ಅಡುಗೆಮನೆಗಳನ್ನು ಹೊಕ್ಕಿದ್ದು ಇಂಥವರ ಶ್ರಮದಿಂದ. ಹೌಸಿಂಗ್ ಸೊಸೈಟಿಗಳಲ್ಲಿ ಇದು ಎಷ್ಟೋ ಕಡೆ ನೆಲೆಯೂರಿದೆ. ಶಾಲೆಗಳಲ್ಲಿ ಮಾತ್ರ ಜೂನ್ 5ರ ಪರಿಸರ ದಿನದ ಹೆಸರಿನಲ್ಲಿ ಸಮಾರಂಭ ನಡೆದು, ಫೋಟೋ ತೆಗೆದು, ದೀಪಾವಳಿಯ ಹೊತ್ತಿಗೆ ಡ್ರಮ್ಮು ಮೂಲೆ ಸೇರುವುದೇ ಹೆಚ್ಚು.

ಕಾರಣ ಬಹಳ ಸಣ್ಣದು. ಪೂರ್ವ ಉಪನಗರದ ಶಾಲೆಯೊಂದರಲ್ಲಿ ಎರಡನೆಯ ವಾರಕ್ಕೇ ಡ್ರಮ್ಮು ನಾರತೊಡಗಿತು. ಪಾಲಕರು ದೂರಿತ್ತರು, ಆಡಳಿತ ಮಂಡಳಿ ಅದನ್ನು ಎತ್ತಿಸಲು ನಿರ್ಧರಿಸಿತು. ನಾವು ಹದಿನೈದು ದಿನಗಳ ಅವಧಿ ಕೇಳಿ ಮುಚ್ಚಳ ತೆಗೆದು ನೋಡಿದೆವು: ಬರೀ ಮೊಸರನ್ನ, ಖಿಚಡಿ, ಹಣ್ಣಿನ ಸಿಪ್ಪೆ. ಎಲೆಯೇ ಇಲ್ಲ! ಆವರಣದ ಎಲೆಯನ್ನು ಗುತ್ತಿಗೆಯ ಗುಡಿಸುವವರು ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಗೂ ಮುನ್ನ ಮೂಟೆ ಕಟ್ಟಿ ಹೊರಹಾಕುತ್ತಿದ್ದರು. ಎರಡು ಮೂಟೆಯನ್ನು ಹಿಂದಕ್ಕೆ ತರಿಸಿ ಬೆರೆಸಿ, ಕೋಲಿನಿಂದ ಕದಡಿ ಗಾಳಿಯಾಡಿಸಿದ ಬಳಿಕ ನಾಲ್ಕೈದು ದಿನಗಳಲ್ಲಿ ನಾತ ಅಡಗಿತು.

ಇದರ ಹಿಂದಿನ ಲೆಕ್ಕವನ್ನು ಮಕ್ಕಳು ನಮಗಿಂತ ಬೇಗ ಗ್ರಹಿಸುತ್ತಾರೆ. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಇಂಗಾಲವೂ ಬೇಕು, ಸಾರಜನಕವೂ ಬೇಕು. ತೂಕದಲ್ಲಿ ಸಾರಜನಕ ಒಂದು ಪಾಲಾದರೆ ಇಂಗಾಲ 25ರಿಂದ 30 ಪಾಲು ಇರುವುದು ಹಿತ. ಉಳಿದ ಆಹಾರದಲ್ಲಿ ಸಾರಜನಕವೂ ನೀರೂ ಅಧಿಕ. ಒಣಗಿದ ಎಲೆಯಲ್ಲಿ ಇಂಗಾಲ ಅಧಿಕ. ಆದುದರಿಂದ ಒಂದು ಬಕೆಟ್ ಆಹಾರಕ್ಕೆ ಎರಡು ಮೂರು ಬಕೆಟ್ ತರಗೆಲೆ. ತೇವವು ನೀರಲ್ಲದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಷ್ಟಿರಬೇಕು. ಮುಷ್ಟಿಯಲ್ಲಿ ಅದುಮಿದಾಗ ಹನಿ ಜಾರಿದರೆ ಎಲೆ ಸಾಲದು ಎಂದರ್ಥ. ವಾರಕ್ಕೆರಡು ಬಾರಿ ಮಗುಚಿದರೆ ಒಳಗೆ ಬಿಸಿಯೇರುತ್ತದೆ. ದೊಡ್ಡ ರಾಶಿಯಲ್ಲಿ ಅದು 55 ಡಿಗ್ರಿ ಸೆಲ್ಸಿಯಸ್ ದಾಟಿ ರೋಗಾಣುಗಳನ್ನು ಕೊಲ್ಲುತ್ತದೆ. ಶಾಲೆಯ ಸಣ್ಣ ಡ್ರಮ್ಮು ಅಷ್ಟು ಕಾಯುವುದೆಂಬ ಭರವಸೆಯಿಲ್ಲ. ಆದುದರಿಂದಲೇ ಮೀನಿನ ಮುಳ್ಳು, ಮೂಳೆ ಅದಕ್ಕೆ ಸಲ್ಲ. ಕರಾವಳಿಯ ಮಕ್ಕಳ ಡಬ್ಬಿಯನ್ನು ಬಲ್ಲವರಿಗೆ ಈ ನಿಯಮದ ಕಷ್ಟ ಗೊತ್ತು. ಬೆಕ್ಕುಗಳಿಗಂತೂ ಈ ನಿಯಮ ಸಮ್ಮತವಲ್ಲ. ಬಿಳಿ ನೂಲಿನಂಥ ಬೂಷ್ಟು ಕಂಡಾಗ ಕೆಲವು ಮಕ್ಕಳು ಹೌಹಾರುತ್ತಾರೆ. ಅದು ಕೆಲಸ ನಡೆಯುತ್ತಿರುವ ಗುರುತು. ಎರಡು ಮೂರು ತಿಂಗಳಲ್ಲಿ ಹದವಾದ ಗೊಬ್ಬರ ಮೊದಲ ಮಳೆಯ ಮಣ್ಣಿನ ವಾಸನೆ ಬೀರುತ್ತದೆ.

ನಮ್ಮ ಹಿರಿಯರಿಗೆ ಈ ಅನುಪಾತದ ಹೆಸರು ಗೊತ್ತಿರಲಿಲ್ಲ, ಹದ ಗೊತ್ತಿತ್ತು. ತುಳುನಾಡಿನಲ್ಲಿ ಗುಡ್ಡದ ತರಗೆಲೆ, ಸೊಪ್ಪನ್ನು ಹಟ್ಟಿಯಲ್ಲಿ ಹಾಸಿ, ದನದ ಸೆಗಣಿ ಗಂಜಲಗಳನ್ನು ಅದು ಹೀರಿದ ಮೇಲೆ ಗೊಬ್ಬರಕ್ಕೆ ತೆಗೆಯುತ್ತಿದ್ದ ಕ್ರಮ ಇದೇ ಲೆಕ್ಕದ್ದು. ಬಯಲುಸೀಮೆಯ ತಿಪ್ಪೆಯೂ ಅಷ್ಟೇ. ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಇಂದೋರಿನಲ್ಲಿ ಇಂಥ ರೂಢಿಗಳನ್ನು ಶಾಸ್ತ್ರಕ್ಕೆ ಅಳವಡಿಸಿ 1931ರಲ್ಲಿ ಪ್ರಕಟಿಸಿದರು. 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ, ಮಣ್ಣು ಮುಚ್ಚಿ, ಮಗುಚದೆಯೇ ಹದಗೊಳಿಸುವ ವಿಧಾನವನ್ನು ರೂಪಿಸಿದರು. ಅದಕ್ಕೆ ಇಂದಿಗೂ ‘ಬೆಂಗಳೂರು ವಿಧಾನ’ವೆಂದೇ ಹೆಸರು. ನಿಧಾನವಾದುದು, ಆದರೆ ತುಸು ಮಣ್ಣಿನ ಅಂಗಳವುಳ್ಳ ಶಾಲೆಗೆ ಇದು ಒಗ್ಗುತ್ತದೆ.

ಮುಂಬಯಿಯಲ್ಲಿ ಮಳೆಗಾಲದ್ದೇ ಬೇರೆ ಸಮಸ್ಯೆ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಜೂನ್‌ನಲ್ಲೇ. ಒಣ ಎಲೆ ಅತ್ಯಗತ್ಯವಾದ ಹೊತ್ತಿಗೆ ಅದು ಸಿಗುವುದಿಲ್ಲ. ಆದುದರಿಂದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉದುರಿದ ಎಲೆಯನ್ನು ಗೋಣಿಗಳಲ್ಲಿ ತುಂಬಿ, ಮೆಟ್ಟಿಲ ಕೆಳಗಾದರೂ ಸರಿ, ನೀರು ತಾಗದಂತೆ ಇರಿಸಬೇಕು. ಬ್ಯಾಂಕಿನವರಾದ ನಮಗೆ ಇದು ಎಲೆಯ ಠೇವಣಿ! ಬೇಸಗೆ ರಜೆ ಅಡ್ಡಿಯೆಂದು ಹಲವರು ಭಾವಿಸುತ್ತಾರೆ. ಎರಡು ಡ್ರಮ್ಮುಗಳಿದ್ದರೆ ಅದು ಅನುಕೂಲವೇ. ಪರೀಕ್ಷೆಯ ವೇಳೆಗೆ ತುಂಬಿದ್ದು ರಜೆಯಲ್ಲಿ ತಾನಾಗಿ ಮಾಗುತ್ತದೆ, ವಾರಕ್ಕೊಮ್ಮೆ ನೀರು ಚಿಮುಕಿಸಲು ಒಬ್ಬರು ಬಂದರೆ ಸಾಕು.

ಗೊಬ್ಬರಕ್ಕಿಂತ ಮೊದಲು ನಾವು ಶಾಲೆಗೆ ಒಯ್ಯುವುದು ತಕ್ಕಡಿಯನ್ನು. ಒಂದು ವಾರ, ತರಗತಿವಾರು, ಉಳಿದ ಆಹಾರವನ್ನು ಮಕ್ಕಳೇ ತೂಗಿ ಫಲಕದಲ್ಲಿ ಬರೆಯುತ್ತಾರೆ. ಯಾರ ಡಬ್ಬಿಯದೆಂದು ಬರೆಯಕೂಡದು. ಅದು ಮಕ್ಕಳನ್ನು ನೋಯಿಸುತ್ತದೆ. ಬರೆದ ಮೇಲೆ ಕಾರಣಗಳು ತಾವಾಗಿ ಹೊರಬರುತ್ತವೆ. ಊಟದ ಬಿಡುವು ಇಪ್ಪತ್ತೇ ನಿಮಿಷ. ಅದರಲ್ಲಿ ಆಟವೂ ಸೇರಬೇಕು. ಬೆಳಿಗ್ಗೆ ಆರಕ್ಕೆ ಕಟ್ಟಿದ ಚಪಾತಿ ಮಧ್ಯಾಹ್ನಕ್ಕೆ ಚರ್ಮದಂತಾಗಿರುತ್ತದೆ. ಬಿಡುವನ್ನು ಹತ್ತು ನಿಮಿಷ ಹಿಗ್ಗಿಸಿದ ಶಾಲೆಯಲ್ಲಿ ಮರುವಾರವೇ ಬಕೆಟ್ ಹಗುರಾಗಿದ್ದನ್ನು ಕಂಡಿದ್ದೇವೆ. ಯಾವ ಡ್ರಮ್ಮಿಗೂ ಸಾಧ್ಯವಾಗದ ಕೆಲಸ ಅದು.

ಇನ್ನೊಂದು ಪ್ರಶ್ನೆ ನಮ್ಮಲ್ಲಿ ಇತ್ಯರ್ಥವಾಗಿಲ್ಲ. ನಾವು ಹೋಗುವುದು ಶನಿವಾರ, ಮಕ್ಕಳು ಉತ್ಸಾಹ ತೋರುವುದು ಕಾರ್ಯಕ್ರಮದ ದಿನ. ಉಳಿದ ದಿನಗಳಲ್ಲಿ ಬಕೆಟ್ ಹೊತ್ತು, ಎಲೆ ಬೆರೆಸಿ, ಕದಡುವವರು ಶಾಲೆಯ ಆಯಾಬಾಯಿ. ಅವರ ವೇತನ, ಕೆಲಸದ ಪಟ್ಟಿ ಎರಡರಲ್ಲೂ ಇದಿಲ್ಲ. ಈ ಕಾಲು ಗಂಟೆಯನ್ನು ಅವರ ಕರ್ತವ್ಯದಲ್ಲಿ ಎಣಿಸಿ ಬೇರೊಂದು ಕೆಲಸವನ್ನು ತಗ್ಗಿಸಿರಿ, ಇಲ್ಲವೇ ಅದಕ್ಕೆ ಪ್ರತ್ಯೇಕ ಸಂಭಾವನೆ ನೀಡಿರಿ ಎಂದು ಪ್ರತಿ ಶಾಲೆಗೂ ವಿನಂತಿಸುತ್ತಿದ್ದೇವೆ. ಒಂದು ಶಾಲೆ ಒಪ್ಪಿ, ಅವರ ಸಂಜೆಯ ಮೆಟ್ಟಿಲು ಗುಡಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿದೆ. ಅಲ್ಲಿನ ಡ್ರಮ್ಮು ಮೂರನೆಯ ಮಳೆಗಾಲವನ್ನು ದಾಟಿದೆ. ಉಳಿದ ಶಾಲೆಗಳಿಂದ ಉತ್ತರ ಬರಬೇಕಾಗಿದೆ.