ಎಳೆಯ ಕುದುರೆಯ ಮೂಗಲ್ಲಿ ರಕ್ತ: ಕಾರಣ ಎಲ್ಲಿ ಹುಡುಕಬೇಕು, ಮುಂದೆ ಏನು ಮಾಡಬೇಕು?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಅಚ್ಚುಕಟ್ಟು ಮಾಡಿ ಬರೆದಿದ್ದೇನೆ.

ನಾನು ಪುಣೆಯಲ್ಲಿ ಕುದುರೆಗಳ ವೈದ್ಯ. ಇಲ್ಲಿನ ನಮ್ಮ ಐಟಿ ಮಂದಿಯಲ್ಲಿ ಶನಿವಾರ, ಭಾನುವಾರ ಸವಾರಿ ಕಲಿಯುವವರಿದ್ದಾರೆ, ಮಕ್ಕಳನ್ನು ಸವಾರಿ ಶಾಲೆಗೆ ಸೇರಿಸಿದವರಿದ್ದಾರೆ, ಇಬ್ಬರು ಮೂವರು ಸೇರಿ ಒಂದು ಕುದುರೆ ಸಾಕಿಕೊಂಡವರೂ ಇದ್ದಾರೆ. ಅವರಿಂದ ಬರುವ ಕರೆಗಳಲ್ಲಿ ಅತಿ ಗಾಬರಿಯದ್ದು ಇದು: "ಸಾರ್, ಕುದುರೆ ಮೂಗಲ್ಲಿ ರಕ್ತ ಬರ್ತಿದೆ. ಎಲ್ಲ ಟೆಸ್ಟ್ ಆಯ್ತು, ಕಾರಣ ಮಾತ್ರ ಗೊತ್ತಾಗ್ತಿಲ್ಲ." ನನ್ನ ಅನುಭವದಲ್ಲಿ ಇಂಥ ಹೆಚ್ಚಿನ ಕೇಸುಗಳಲ್ಲಿ ಕಾರಣ ಇದ್ದೇ ಇರುತ್ತೆ. ನೋಡಿದ ಜಾಗ ಬೇರೆ ಆಗಿರುತ್ತೆ, ಇಲ್ಲವೇ ನೋಡಿದ ಹೊತ್ತು ಬೇರೆ ಆಗಿರುತ್ತೆ.

ಮೊದಲ ಹತ್ತು ನಿಮಿಷ

ಸವಾರ ಇಳಿಯಬೇಕು, ಜೀನು ಸಡಿಲ ಮಾಡಬೇಕು, ಕುದುರೆಯನ್ನು ನೆರಳಲ್ಲಿ ಸುಮ್ಮನೆ ನಿಲ್ಲಿಸಬೇಕು. ತಲೆ ಕೆಳಗೆ ಬಿಡುತ್ತೇನೆ ಅಂದರೆ ಬಿಡಲಿ, ಮೇಲೆತ್ತಿ ಕಟ್ಟಬೇಡಿ. ಮೂಗಿನ ಹೊಳ್ಳೆಗೆ ಹತ್ತಿ, ಬಟ್ಟೆ ಯಾವುದನ್ನೂ ತುರುಕಬೇಡಿ. ನಮ್ಮ ಹಾಗೆ ಕುದುರೆ ಬಾಯಿಂದ ಉಸಿರಾಡಲಾರದು. ಅದಕ್ಕಿರುವುದು ಮೂಗಿನ ದಾರಿ ಒಂದೇ.

ರಕ್ತ ನೋಡಿ ಎದೆ ಝಲ್ಲೆನ್ನುತ್ತೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ: 450 ಕಿಲೋ ತೂಗುವ ಕುದುರೆಯ ಮೈಯಲ್ಲಿ ಸುಮಾರು 35 ಲೀಟರ್ ರಕ್ತ ಇರುತ್ತೆ. ನೆಲದ ಮೇಲೆ ಅರ್ಧ ಲೀಟರ್ ಚೆಲ್ಲಿದರೂ ಕೊಲೆ ಆದ ಹಾಗೆ ಕಾಣುತ್ತೆ, ಅಷ್ಟರಿಂದಲೇ ಪ್ರಾಣಕ್ಕೆ ಅಪಾಯವಿಲ್ಲ. ಅರ್ಧ ಗಂಟೆ ಸುಧಾರಿಸಿಕೊಂಡ ಮೇಲೂ ಎದೆಬಡಿತ ನಿಮಿಷಕ್ಕೆ 60 ದಾಟಿದ್ದರೆ, ಒಸಡು ಬಿಳಚಿಕೊಂಡಿದ್ದರೆ, ರಕ್ತ ಧಾರೆಯಾಗಿ ಸುರಿಯುತ್ತಲೇ ಇದ್ದರೆ ಅದು ತುರ್ತು. ಆಗ ವೈದ್ಯರನ್ನು ಕಾಯಿಸಬೇಡಿ.

ಮೂರು ಪ್ರಶ್ನೆ

ಫೋನಿನಲ್ಲಿ ನಾನು ಮೊದಲು ಕೇಳುವುದು ಮೂರೇ ಪ್ರಶ್ನೆ. ಒಂದು ಹೊಳ್ಳೆಯಿಂದ ಬಂತಾ, ಎರಡರಿಂದಲಾ? ಓಡಿದ ಮೇಲೆ ಬಂತಾ, ಸುಮ್ಮನೆ ನಿಂತಾಗಲಾ? ಬೇರೆ ಕಡೆ ಎಲ್ಲಾದರೂ ರಕ್ತ ಕಾಣ್ತಿದೆಯಾ?

ಒಂದೇ ಹೊಳ್ಳೆ ಅಂದರೆ ಮೂಲ ಸಾಮಾನ್ಯವಾಗಿ ತಲೆಯಲ್ಲಿರುತ್ತೆ: ಪೆಟ್ಟು, ಹೊಕ್ಕ ಕಡ್ಡಿ, ಸೈನಸ್ ಸೋಂಕು, ಮೂಗಿನ ಹಿಂಭಾಗದಲ್ಲಿ ಬೆಳೆದ ಗಂಟು. ಎರಡೂ ಹೊಳ್ಳೆಯಿಂದ, ಅದೂ ಜೋರಾಗಿ ಓಡಿದ ಮೇಲೆ ಬಂದರೆ ಮೊದಲ ಅನುಮಾನ ಶ್ವಾಸಕೋಶದ ಮೇಲೆ.

ಲಾಯದಲ್ಲಿ ನಿಂತಿದ್ದಾಗಲೇ ರಕ್ತ ಬಂದರೆ ನನಗೆ ಹೆಚ್ಚು ಭಯ. ಕುದುರೆಯ ಗಂಟಲ ಬಳಿ ಎರಡು ಗಾಳಿ ಚೀಲಗಳಿವೆ, ಗಟರಲ್ ಪೌಚ್ ಅಂತಾರೆ. ಅದರ ಗೋಡೆಗೆ ಅಂಟಿಕೊಂಡೇ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳ ಹಾದುಹೋಗುತ್ತೆ. ಅಲ್ಲಿ ಶಿಲೀಂಧ್ರ ಬೆಳೆದು ಆ ನಾಳವನ್ನು ಕೊರೆದರೆ ಮೊದಲು ಒಂದೆರಡು ಸಲ ಸ್ವಲ್ಪ ರಕ್ತ ಬರಬಹುದು, ಆಮೇಲೆ ಒಂದು ದಿನ ನಿಲ್ಲದ ಹಾಗೆ ಬರಬಹುದು. "ತಾನಾಗೇ ನಿಂತುಹೋಯ್ತು ಬಿಡಿ" ಅಂತ ಸಮಾಧಾನಪಡಬಾರದ ಜಾಗ ಇದು. ಅದೇ ದಿನ ಎಂಡೋಸ್ಕೋಪಿ ಆಗಬೇಕು.

ಒಸಡಿನ ಮೇಲೆ ಕೆಂಪು ಚುಕ್ಕೆ, ಸೂಜಿ ಚುಚ್ಚಿದಲ್ಲಿ ನಿಲ್ಲದ ರಕ್ತ, ಎಲ್ಲೆಂದರಲ್ಲಿ ಬಾವು ಕಂಡರೆ ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ. ಮೇವಿನ ಕೋಣೆಯಲ್ಲಿ ಇಲಿ ಪಾಷಾಣ ಇಟ್ಟಿದ್ದರಾ ಅಂತ ಸೈಸನನ್ನು ಕೇಳಿ.

ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯುವ ಹಾಗಿಲ್ಲ, ಗ್ಲ್ಯಾಂಡರ್ಸ್. ಮೂಗಿನೊಳಗೆ ಹುಣ್ಣು, ಅಂಟಂಟಾದ ಸಿಂಬಳ, ಕೆಲವೊಮ್ಮೆ ಅದರಲ್ಲಿ ರಕ್ತ. ಇದು ಮನುಷ್ಯರಿಗೂ ಅಂಟುವ ರೋಗ. ಅನುಮಾನ ಬಂದರೆ ಕೈಗವಸು ಇಲ್ಲದೆ ಮುಟ್ಟಬೇಡಿ. ಸರ್ಕಾರಿ ಪಶುವೈದ್ಯರಿಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಇದರ ರಕ್ತಪರೀಕ್ಷೆಗೆ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದೆ.

ಶ್ವಾಸಕೋಶ ಯಾಕೆ ರಕ್ತ ಬಿಡುತ್ತೆ?

ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 30ರಿಂದ 40. ನಾಗಾಲೋಟದಲ್ಲಿ ಅದು 220 ದಾಟುತ್ತೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳದ ಒತ್ತಡ ವಿಶ್ರಾಂತಿಯಲ್ಲಿ 30 ಮಿಮೀ ಪಾದರಸದ ಆಸುಪಾಸು ಇದ್ದದ್ದು 100ರ ಆಚೆಗೆ ಹೋಗುತ್ತೆ. ರಕ್ತಕ್ಕೂ ಗಾಳಿಗೂ ನಡುವೆ ಇರುವ ಗೋಡೆಯ ದಪ್ಪವೋ, ಒಂದು ಮೈಕ್ರಾನ್‌ಗಿಂತ ಕಡಿಮೆ! ಒಂದು ಕಡೆ ರಕ್ತ ನೂಕುತ್ತೆ, ಇನ್ನೊಂದು ಕಡೆ ಜೋರಾಗಿ ಎಳೆದುಕೊಂಡ ಉಸಿರು ಸೆಳೆಯುತ್ತೆ. ಗೋಡೆ ಸೀಳುತ್ತೆ. ಜಾನ್ ವೆಸ್ಟ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಓಡಿಸಿದ ಕುದುರೆಗಳ ಶ್ವಾಸಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಸೀಳುಗಳನ್ನೇ ತೋರಿಸಿದರು. ಇದಕ್ಕೆ ವೈದ್ಯರು ಹೇಳುವ ಹೆಸರು ಇಐಪಿಎಚ್, ಅಂದ್ರೆ ಶ್ರಮದಿಂದ ಆಗುವ ಶ್ವಾಸಕೋಶದ ರಕ್ತಸ್ರಾವ.

ಇದು ಹೊಸ ಕಾಯಿಲೆಯೇನಲ್ಲ. ಇಂಗ್ಲೆಂಡಿನಲ್ಲಿ 1716ರಲ್ಲಿ ಹುಟ್ಟಿದ ಬಾರ್ಟ್ಲೆಟ್ಸ್ ಚೈಲ್ಡರ್ಸ್ ಎಂಬ ಕುದುರೆಗೆ ರಕ್ತ ಸುರಿಯುತ್ತಿದ್ದ ಕಾರಣಕ್ಕೇ 'ಬ್ಲೀಡಿಂಗ್ ಚೈಲ್ಡರ್ಸ್' ಅಂತ ಹೆಸರು ಬಿದ್ದಿತ್ತು. ರೇಸಿನ ದಂತಕಥೆ ಎಕ್ಲಿಪ್ಸ್ ಅದರ ಮರಿಮಗನೇ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಜೋರಾಗಿ ಓಡುವ ರೇಸ್ ಕುದುರೆಗಳನ್ನು ಪದೇ ಪದೇ ಪರೀಕ್ಷಿಸಿದರೆ ಬಹುಪಾಲು ಕುದುರೆಗಳ ಶ್ವಾಸನಾಳದಲ್ಲಿ ಒಂದಲ್ಲ ಒಂದು ಸಲ ರಕ್ತ ಸಿಗುತ್ತೆ. ಮೂಗಿನವರೆಗೆ ಬರುವುದು ಅದರಲ್ಲಿ ತೀರಾ ಕಡಿಮೆ ಕುದುರೆಗಳಲ್ಲಿ. ಹಾಗಾಗಿ ಮೂಗಲ್ಲಿ ರಕ್ತ ಇಲ್ಲ ಅಂದ ಮಾತ್ರಕ್ಕೆ ಶ್ವಾಸಕೋಶ ಚೆನ್ನಾಗಿದೆ ಅಂತಲ್ಲ. ಮೂಗಲ್ಲಿ ಕಂಡಿದೆ ಅಂದರೆ ಒಳಗೆ ಆದದ್ದು ಸಣ್ಣದಲ್ಲ.

ಒಂದು ಕೇಸು

ಇಬ್ಬರು ಕನ್ನಡದ ಎಂಜಿನಿಯರುಗಳು ಸೇರಿ ಕೊಂಡ ನಾಲ್ಕು ವರ್ಷದ ಹೆಣ್ಣು ಕುದುರೆ. ಎರಡು ತಿಂಗಳಲ್ಲಿ ಎರಡು ಸಲ, ವೇಗದ ಓಟದ ನಂತರ, ಎರಡೂ ಹೊಳ್ಳೆಯಲ್ಲಿ ರಕ್ತ. ಪ್ಲೇಟ್‌ಲೆಟ್ ಸರಿ, ಹೆಪ್ಪುಗಟ್ಟುವ ಸಮಯ ಸರಿ, ಎಂಡೋಸ್ಕೋಪಿಯೂ ಸ್ವಚ್ಛ. ಒಬ್ಬರಿಗೆ ಮಾರಿಬಿಡುವ ಯೋಚನೆ, ಇನ್ನೊಬ್ಬರ ಮಗಳಿಗೆ ಅದೇ ಕುದುರೆ ಬೇಕು.

ಆ ಎಂಡೋಸ್ಕೋಪಿ ಮಾಡಿದ್ದು ಕುದುರೆ ನಾಲ್ಕು ದಿನ ವಿಶ್ರಾಂತಿಯಲ್ಲಿದ್ದ ಮೇಲೆ. ಸರ್ವರ್ ಖಾಲಿ ಕೂತಿರುವಾಗ ಟೆಸ್ಟ್ ಮಾಡಿ, ಬಗ್ ಇಲ್ಲ ಅಂದ ಹಾಗೆ! ಲೋಡ್ ಹಾಕಿ ನೋಡಬೇಕು. ಓಡಿಸಿದ ಮೇಲೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ನೋಡಿದರೆ ರಕ್ತ ಶ್ವಾಸನಾಳಕ್ಕೆ ಏರಿರುತ್ತೆ. ಹಾಗೆ ನೋಡಿದಾಗ ಸಿಕ್ಕಿತು: 0ರಿಂದ 4ರವರೆಗಿನ ಅಳತೆಯಲ್ಲಿ 2.

ಜೊತೆಗೆ ಶ್ವಾಸಕೋಶಕ್ಕೆ ಸ್ವಲ್ಪ ಲವಣದ ನೀರು ಬಿಟ್ಟು ವಾಪಸ್ ತೆಗೆದು ಜೀವಕೋಶಗಳನ್ನು ನೋಡಿದೆವು. ಇದು ಲಾಗ್ ಫೈಲ್ ಇದ್ದ ಹಾಗೆ. ಹಳೆಯ ರಕ್ತವನ್ನು ನುಂಗಿದ, ಕಬ್ಬಿಣದ ಕಣ ತುಂಬಿದ ಕೋಶಗಳು ವಾರಗಟ್ಟಲೆ ಅಲ್ಲೇ ಉಳಿದು ಹಿಂದೆ ಆದದ್ದನ್ನು ಹೇಳುತ್ತವೆ. ಅವೂ ಇದ್ದವು, ಉರಿಯೂತದ ಕೋಶಗಳೂ ಇದ್ದವು. ಕುದುರೆಯ ಕೋಣೆ ಒಣಹುಲ್ಲಿನ ಬಣವೆಗೆ ಅಂಟಿಕೊಂಡೇ ಇತ್ತು. ಗುಡಿಸಿದಾಗಲೆಲ್ಲ ದೂಳು.

ನಿಭಾಯಿಸುವುದು ಹೇಗೆ?

ಮೊದಲ ಔಷಧಿ ವಿಶ್ರಾಂತಿ. ಎಷ್ಟು ದಿನ ಅನ್ನುವುದಕ್ಕೆ ಎಲ್ಲ ಕುದುರೆಗೂ ಹೊಂದುವ ಲೆಕ್ಕ ಇಲ್ಲ. ಮೂಗಲ್ಲಿ ರಕ್ತ ಕಂಡ ಕುದುರೆಗೆ ನಾನು ಕೆಲವು ವಾರ ಬರೀ ಕೈಹಿಡಿದ ನಡಿಗೆ ಹೇಳುತ್ತೇನೆ. ಆಮೇಲೆ ನಿಧಾನವಾಗಿ ಕೆಲಸ ಏರಿಸಿ, ಪ್ರತಿ ಹಂತದಲ್ಲಿ ಓಡಿಸಿ ಮತ್ತೆ ನೋಡುವುದು.

ಎರಡನೆಯದು ಗಾಳಿ. ಈ ಕುದುರೆಯ ಕೋಣೆ ಬದಲಾಯಿಸಿದೆವು. ಹುಲ್ಲನ್ನು ನೀರಲ್ಲಿ ನೆನೆಸಿ ನೆಲದ ಮಟ್ಟದಲ್ಲೇ ಕೊಡಿಸಿದೆವು. ಕುದುರೆ ಒಳಗಿರುವಾಗ ಗುಡಿಸುವುದು ನಿಂತಿತು. ಉರಿಯೂತಕ್ಕೆ ಚಿಕಿತ್ಸೆ ಬೇರೆ. ಗಂಟಲಿನ ಮೇಲ್ಭಾಗದಲ್ಲಿ ಉಸಿರಿಗೆ ಅಡ್ಡಿ ಇದೆಯಾ ಅಂತಲೂ ನೋಡಲೇಬೇಕು. ದಾರಿ ಇಕ್ಕಟ್ಟಾದಷ್ಟೂ ಉಸಿರಿನ ಸೆಳೆತ ಹೆಚ್ಚಿ ನಾಳದ ಗೋಡೆಗೆ ಭಾರ. ಮೂಗಿನ ಮೇಲೆ ಅಂಟಿಸುವ ಪಟ್ಟಿ ಅದಕ್ಕೇ ಸ್ವಲ್ಪ ಸಹಾಯ ಮಾಡುತ್ತೆ.

ಮೂರನೆಯದು, ಎಲ್ಲರೂ ಮೊದಲು ಕೇಳುವ ಇಂಜೆಕ್ಷನ್. ಫ್ಯೂರೋಸೆಮೈಡ್, ರೇಸಿನವರ ಬಾಯಲ್ಲಿ ಲ್ಯಾಸಿಕ್ಸ್. ಓಟಕ್ಕೆ ಸುಮಾರು ನಾಲ್ಕು ಗಂಟೆ ಮುಂಚೆ ಕೊಟ್ಟರೆ ಮೂತ್ರ ಹೆಚ್ಚಾಗಿ, ರಕ್ತದ ಪ್ರಮಾಣ ತಗ್ಗಿ, ಒತ್ತಡ ಇಳಿಯುತ್ತೆ. ರಕ್ತಸ್ರಾವ ಕಡಿಮೆ ಆಗುತ್ತೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಆದರೆ ಅದು ಆ ದಿನದ ಮಟ್ಟಿಗೆ ಮಾತ್ರ, ಕಾಯಿಲೆ ಗುಣ ಮಾಡಲ್ಲ. ನೀರು, ಲವಣ ಎರಡೂ ಮೈಯಿಂದ ಹೋಗುತ್ತವೆ. ಅಮೆರಿಕದ ರೇಸುಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ, ಬ್ರಿಟನ್, ಹಾಂಗ್‌ಕಾಂಗ್‌ಗಳಲ್ಲಿ ಓಟದ ದಿನ ನಿಷಿದ್ಧ. ವಾರಾಂತ್ಯದ ಸವಾರಿಗೆ ಇದರ ಮೊರೆ ಹೋಗಬೇಕಾಗಿ ಬಂದರೆ ಆ ಸವಾರಿಯೇ ಕುದುರೆಗೆ ಹೆಚ್ಚಾಯಿತು ಅಂತ ಅರ್ಥ. ರಕ್ತ ನಿಲ್ಲಿಸುವ ಇತರ ಇಂಜೆಕ್ಷನ್, ವಿಟಮಿನ್ ಪುಡಿಗಳಿಗೆ ಈ ಕಾಯಿಲೆಯಲ್ಲಿ ಅಂಥ ಬಲವಾದ ಆಧಾರ ಇಲ್ಲ.

ಇಟ್ಟುಕೊಳ್ಳಬೇಕಾ, ಮಾರಬೇಕಾ?

ಆಸ್ಟ್ರೇಲಿಯಾದ ರೇಸ್ ನಿಯಮ ಕಟ್ಟುನಿಟ್ಟು: ಎರಡೂ ಹೊಳ್ಳೆಯಲ್ಲಿ ಮೊದಲ ಸಲ ರಕ್ತ ಬಂದರೆ ಮೂರು ತಿಂಗಳು ಓಡುವಂತಿಲ್ಲ, ಎರಡನೇ ಸಲ ಬಂದರೆ ಜೀವನಪೂರ್ತಿ ರೇಸ್ ಇಲ್ಲ. ಒಮ್ಮೆ ಸೀಳಿದ ಜಾಗದಲ್ಲಿ ಕಲೆ ಕಟ್ಟುತ್ತೆ, ಮತ್ತೆ ಮತ್ತೆ ಆದರೆ ಶ್ವಾಸಕೋಶದ ಆ ಭಾಗ ಗಡುಸಾಗುತ್ತೆ. ಎಳೆಯ ಕುದುರೆಗೆ ಇನ್ನೂ ಇಪ್ಪತ್ತು ವರ್ಷದ ಬಾಳಿದೆ. ಓಡುತ್ತಿರುವಾಗಲೇ ಅದು ಕುಸಿದರೆ ಮೇಲಿರುವ ಮಗುವಿನ ಗತಿಯೂ ಅದರ ಜೊತೆಗೇ.

ಆ ಇಬ್ಬರಿಗೆ ನಾನು ಹೇಳಿದ್ದು ಇಷ್ಟೇ: ನಾಗಾಲೋಟವನ್ನು ಬಿಡಿ, ಕುದುರೆಯನ್ನು ಬಿಡಬೇಕಾಗಿಲ್ಲ. ಮಾರುವುದೇ ಆದರೆ ವರದಿಯನ್ನು ಕೈಗಿಟ್ಟು ಮಾರಿ, ಮುಚ್ಚಿಟ್ಟರೆ ಮುಂದಿನವರು ಗೊತ್ತಿಲ್ಲದೆ ಅದನ್ನು ಓಡಿಸುತ್ತಾರೆ. ಅವರು ಇಟ್ಟುಕೊಂಡರು. ನಾಲ್ಕು ತಿಂಗಳ ನಂತರ ಓಡಿಸಿ ನೋಡಿದಾಗ ಅಳತೆ 1ಕ್ಕೆ ಇಳಿದಿತ್ತು. ಮೂಗಲ್ಲಿ ಮತ್ತೆ ರಕ್ತ ಕಂಡಿಲ್ಲ. ಗುಣವಾಯಿತು ಅನ್ನಲಾರೆ, ಹತೋಟಿಯಲ್ಲಿದೆ ಅನ್ನಬಲ್ಲೆ.

ನಿಮ್ಮ ಲಾಯದಲ್ಲೂ ಒಂದು ಪುಸ್ತಕ ಇಡಿ. ರಕ್ತ ಬಂದ ದಿನ, ಯಾವ ಹೊಳ್ಳೆ, ಎಷ್ಟು ಓಡಿದ ಮೇಲೆ, ಆ ದಿನದ ಹುಲ್ಲು ಎಂಥದು, ಎಲ್ಲ ಬರೆಯಿರಿ. ಫೋನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ವೈದ್ಯರು ಬರುವ ಹೊತ್ತಿಗೆ ರಕ್ತ ಒಣಗಿರುತ್ತೆ, ಬರೆದಿಟ್ಟದ್ದು ಮಾತ್ರ ಉಳಿದಿರುತ್ತೆ.

ಮುಂದಿನ ವಾರ ಕುದುರೆಯ ಹೊಟ್ಟೆನೋವಿನ ಬಗ್ಗೆ ಮಾತಾಡೋಣ.