ಅರೆಕಾಲಿಕ ಸೈನಿಕನ ಮನೆಯಲ್ಲಿ ತೊಟ್ಟಿಲು: ರಜೆ ಯಾರು ಕೊಡಬೇಕು?



ಹೋದ ಕುಯ್ಲಿನ ಕಾಲದಲ್ಲಿ ಕೊಪ್ಪದ ಕಡೆಯ ನಮ್ಮ ಹಳೆಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಒಂದು ವಿಚಿತ್ರ ಸಮಸ್ಯೆ ಮುಂದಿಟ್ಟರು. ಅವರ ಮಗಳನ್ನು ಕೊಟ್ಟಿರುವುದು ಬೆಂಗಳೂರಿನ ತಿಲಕ್ ನಗರಕ್ಕೆ. ಅಳಿಯ ಅಲ್ಲಿನ ಖಾಸಗಿ ಕಂಪನಿಯೊಂದರಲ್ಲಿ ನೌಕರ. ಜೊತೆಗೆ ಪ್ರಾದೇಶಿಕ ಸೈನ್ಯದಲ್ಲಿ, ಅಂದರೆ ಎಲ್ಲರೂ ಟೆರಿಟೋರಿಯಲ್ ಆರ್ಮಿ ಎಂದು ಕರೆಯುವ ಪಡೆಯಲ್ಲಿ ಜವಾನ. ಮಗಳು ಹನ್ನೆರಡು ಮಂದಿ ಕೆಲಸಕ್ಕಿರುವ ಬಟ್ಟೆ ಅಂಗಡಿಯಲ್ಲಿ ವಾರಕ್ಕೆ ನಾಲ್ಕು ದಿನ ದುಡಿಯುತ್ತಾಳೆ. ಚೊಚ್ಚಲ ಹೆರಿಗೆ. ಹತ್ತಿರದಲ್ಲೇ ಜಯನಗರ ಜನರಲ್ ಆಸ್ಪತ್ರೆ ಇದ್ದುದರಿಂದ ಹೆರಿಗೆ ಬೆಂಗಳೂರಿನಲ್ಲೇ ಆಗಲಿ, ತಾಯಿ ಅಲ್ಲಿಗೇ ಹೋಗಿ ಬಾಣಂತನ ಮಾಡಲಿ ಎಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಅಳಿಯನಿಗೆ ಎರಡು ತಿಂಗಳ ವಾರ್ಷಿಕ ತರಬೇತಿಗೆ ಕರೆ ಬಂತು. ಇತ್ತ ಅಡಿಕೆ ಕೊನೆ ಇಳಿಸುವ ಸಮಯ, ಅರೇಬಿಕಾ ಹಣ್ಣಾಗುವ ಸಮಯ.

ಅಳಿಯ ಕಂಪನಿಯವರನ್ನು ಕೇಳಿದರೆ "ಸೈನ್ಯದವರನ್ನು ಕೇಳಪ್ಪ" ಎಂದರಂತೆ. ಸೈನ್ಯದ ಗೆಳೆಯರನ್ನು ಕೇಳಿದರೆ "ಮಗು ಹುಟ್ಟಿದ್ದಕ್ಕೆ ರಜೆ ಬೇಕಾದರೆ ನಿನ್ನ ಕಂಪನಿ ಕೊಡಬೇಕು" ಎಂದರಂತೆ. "ಇಬ್ಬರು ಯಜಮಾನರಿದ್ದೂ ಒಂದು ದಿನದ ರಜೆಗೆ ಗತಿಯಿಲ್ಲವಲ್ಲ ಸ್ವಾಮಿ!" ಎಂದು ನಮ್ಮ ಸದಸ್ಯರು ನೊಂದು ಹೇಳಿದರು. ಇಂಥ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಇರಬಹುದೆಂದು ತಿಳಿದು, ವಿಷಯವನ್ನು ಕ್ರಮವಾಗಿ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಈ ಸೈನ್ಯ ಎಂಥದು?

ಪ್ರಾದೇಶಿಕ ಸೈನ್ಯದ ಕಾಯಿದೆ ಜಾರಿಗೆ ಬಂದದ್ದು 1948ರಲ್ಲಿ. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಇದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಆಗ ಭೂಸೈನ್ಯದ ದಂಡನಾಯಕರಾಗಿದ್ದವರು ನಮ್ಮ ಕಾಫಿ ನಾಡಾದ ಕೊಡಗಿನ ಕೆ. ಎಂ. ಕಾರಿಯಪ್ಪನವರೇ ಎಂಬುದನ್ನು ಇಲ್ಲಿ ನೆನೆಯಬಹುದು. ಬೆಂಗಳೂರಿನ 106ನೇ ಕಾಲಾಳು ಪಡೆ ಮತ್ತು ಬೆಳಗಾವಿಯ 115ನೇ ಕಾಲಾಳು ಪಡೆ ಈ ಸೈನ್ಯಕ್ಕೆ ಸೇರಿದವು. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿ, 2019ರಲ್ಲಿ ಕಾಶ್ಮೀರದಲ್ಲಿ ಕೆಲವು ದಿನ ಕರ್ತವ್ಯ ಮಾಡಿದ್ದು ಈ 106ನೇ ಪಡೆಯೊಂದಿಗೇ.

ಇದು ಜೀವನೋಪಾಯದ ನೌಕರಿಯಲ್ಲ. ಬೇರೆ ಉದ್ಯೋಗ ಅಥವಾ ಆದಾಯ ಇರುವವರು ಮಾತ್ರ ಇದಕ್ಕೆ ಸೇರಬಹುದು. ಕಾಲಾಳು ಪಡೆಗಳಲ್ಲಿ ವರ್ಷಕ್ಕೆ ಸುಮಾರು ಎರಡು ತಿಂಗಳ ತರಬೇತಿ. ಅಗತ್ಯ ಬಿದ್ದಾಗ ಹೆಚ್ಚಿನ ಕಾಲದ ಸೇವೆಗೂ ಕರೆ ಬರುತ್ತದೆ. ಹಾಗೆ ಕರೆಸಿಕೊಂಡಿರುವ ದಿನಗಳಲ್ಲಿ ಆತನಿಗೆ ಸೈನ್ಯದ ವೇತನ, ಭತ್ಯೆ ಉಂಟು. ಸೇನಾ ಕಾಯಿದೆಯೂ ಅನ್ವಯಿಸುತ್ತದೆ. ಬಿಟ್ಟು ಕಳಿಸಿದ ಮರುದಿನದಿಂದ ಆತ ಮತ್ತೆ ಸಾಮಾನ್ಯ ನಾಗರಿಕ. ಆಗ ಸೈನ್ಯ ಸಂಬಳವನ್ನೂ ಕೊಡುವುದಿಲ್ಲ, ರಜೆಯನ್ನೂ ಕೊಡುವುದಿಲ್ಲ.

ಯಾವ ಹಾಜರಿ ಪುಸ್ತಕದಲ್ಲಿ ಹೆಸರಿದೆ?

ಇಡೀ ವಿಷಯದ ಬೀಗದ ಕೈ ಇರುವುದು ಇಲ್ಲಿಯೇ. ತೋಟದ ಕೆಲಸದಲ್ಲಿ ನಮಗೆಲ್ಲ ತಿಳಿದ ಮಾತಿದು: ಒಬ್ಬ ಆಳು ಈ ದಿನ ಯಾರ ಹಾಜರಿ ಪುಸ್ತಕದಲ್ಲಿ ಇದ್ದಾನೋ ಅವರೇ ಈ ದಿನದ ಕೂಲಿಗೆ ಹೊಣೆ. ರಜೆಯ ಲೆಕ್ಕವೂ ಹಾಗೆಯೇ. ಮಗು ಹುಟ್ಟುವ ದಿನ ತಂದೆಯ ಹೆಸರು ಯಾವ ಪುಸ್ತಕದಲ್ಲಿದೆಯೋ ಅವರನ್ನೇ ರಜೆ ಕೇಳಬೇಕು. "ಒಟ್ಟಿನಲ್ಲಿ ಈತ ಸೈನಿಕ" ಎಂದೋ "ಒಟ್ಟಿನಲ್ಲಿ ಈತ ಕಂಪನಿ ನೌಕರ" ಎಂದೋ ಹೇಳಿದರೆ ಗೊಂದಲ ತೀರುವುದಿಲ್ಲ.

ಮೊದಲು, ತರಬೇತಿಯ ದಿನಗಳು. ಆಗ ರಜೆ ಮಂಜೂರು ಮಾಡುವ ಅಧಿಕಾರ ಪಡೆಯ ಕಮಾಂಡಿಂಗ್ ಆಫೀಸರರದು. ಸೈನ್ಯದಲ್ಲಿ ರಜೆ ಎಂಬುದು ಸೇವೆಯ ಅಗತ್ಯಕ್ಕೆ ಒಳಪಟ್ಟದ್ದು. ಕೇಳಬಹುದು, ಹಟ ಹಿಡಿಯುವಂತಿಲ್ಲ. ಆದ್ದರಿಂದ ಹೆರಿಗೆಯ ಅಂದಾಜು ದಿನವನ್ನು ಕಾಣಿಸಿದ ವೈದ್ಯರ ಚೀಟಿಯೊಂದಿಗೆ ಮುಂಚಿತವಾಗಿ ಬರೆದು ಕೇಳುವುದೇ ಸರಿಯಾದ ದಾರಿ. ಹೇಳದೆ ಕೇಳದೆ ಗೈರುಹಾಜರಾದರೆ ಶಿಸ್ತಿನ ಕ್ರಮಕ್ಕೆ ಗುರಿಯಾಗಬೇಕಾದೀತು.

ಎರಡನೆಯದು, ಕಂಪನಿಯ ದಿನಗಳು. ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಸೈನ್ಯದ ಕರೆಗಾಗಿ ರಜೆ ಕೊಡುವುದು ಮಾಲೀಕನ ಕಾನೂನುಬದ್ಧ ಕರ್ತವ್ಯ. 1948ರ ಕಾಯಿದೆಯ 7-ಎ ಕಲಮಿನ ಪ್ರಕಾರ, ಕರೆ ಬಂದ ನೌಕರನಿಗೆ ಬೇಕಾದಷ್ಟು ರಜೆ ಕೊಟ್ಟು, ಸೇವೆ ಮುಗಿದ ಮೇಲೆ ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನಲ್ಲಿ ಕೆಲಸಕ್ಕೆ ಮತ್ತೆ ತೆಗೆದುಕೊಳ್ಳಬೇಕು. ತಕರಾರು ಬಂದರೆ ನಿಯಮಿತ ಅಧಿಕಾರಿ ವಿಚಾರಿಸಿ, ಮರುನೇಮಕವನ್ನಾಗಲಿ ಆರು ತಿಂಗಳ ವೇತನಕ್ಕೆ ಮೀರದ ಪರಿಹಾರವನ್ನಾಗಲಿ ವಿಧಿಸಬಹುದು. 7-ಬಿ ಕಲಮು ಭವಿಷ್ಯನಿಧಿ ಮುಂತಾದ ಹಕ್ಕುಗಳನ್ನು ಕಾಪಾಡುತ್ತದೆ. ನಮ್ಮ ತೋಟದ ರೈಟರನೋ ಡ್ರೈವರನೋ ಈ ಪಡೆಗೆ ಸೇರಿದ್ದರೆ ನಾವೂ ಈ ಕಲಮಿನ ಅರ್ಥದಲ್ಲಿ ಮಾಲೀಕರೇ ಎಂಬುದನ್ನು ಮರೆಯಬಾರದು.

ಆದರೆ ಮಗು ಹುಟ್ಟಿದ್ದಕ್ಕಾಗಿ ತಂದೆಗೆ ರಜೆ ಕೊಡಬೇಕೆಂಬ ಕಟ್ಟಳೆ ಖಾಸಗಿ ಕಂಪನಿಗಳಿಗೆ ಇಲ್ಲ. ಕೇಂದ್ರ ಸರ್ಕಾರದ ನೌಕರನಿಗೆ, ಎರಡಕ್ಕಿಂತ ಕಡಿಮೆ ಮಕ್ಕಳಿದ್ದರೆ, 15 ದಿನಗಳ ಪಿತೃತ್ವ ರಜೆ ಉಂಟು. 2017ರಲ್ಲಿ ಎಲ್ಲ ತಂದೆಯರಿಗೂ ಇಂಥ ಸೌಲಭ್ಯ ಕೊಡಿಸಲು ಸಂಸದ ರಾಜೀವ್ ಸಾತವ್ ಅವರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರಾದರೂ ಅದು ಕಾಯಿದೆಯಾಗಲಿಲ್ಲ. ಆದ್ದರಿಂದ ನಮ್ಮ ಸದಸ್ಯರ ಅಳಿಯನಿಗೆ ಕಂಪನಿಯಿಂದ ಸಿಗಬಹುದಾದದ್ದು ಆ ಕಂಪನಿಯ ಸ್ವಂತ ನಿಯಮದಲ್ಲಿರುವಷ್ಟು, ಇಲ್ಲವೇ ಆತನೇ ಉಳಿಸಿಕೊಂಡ ಗಳಿಕೆ ರಜೆ.

ತಾಯಿಯ ಹಕ್ಕು

ತಂದೆಯ ವಿಷಯದಲ್ಲಿ ಮೌನವಾಗಿರುವ ಕಾನೂನು ತಾಯಿಯ ವಿಷಯದಲ್ಲಿ ಸ್ಪಷ್ಟವಾಗಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 26 ವಾರ, ಆಮೇಲಿನ ಹೆರಿಗೆಗೆ 12 ವಾರ ಸಂಬಳಸಹಿತ ರಜೆ ಎಂದಾಯಿತು. ಈ ಅಂಶಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದ್ದು, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿರುವ ಅಂಗಡಿಗಳಿಗೂ ಇದು ಅನ್ವಯಿಸುತ್ತದೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ದರೆ ಸಾಕು. 26 ವಾರಗಳಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ರಜೆಯಲ್ಲಿದ್ದಾಳೆಂದು ಕೆಲಸದಿಂದ ತೆಗೆಯುವಂತಿಲ್ಲ. ಇ.ಎಸ್.ಐ. ವಿಮೆಗೆ ಒಳಪಟ್ಟವರಾದರೆ ಹಣ ಆ ನಿಗಮದಿಂದ ಬರುತ್ತದೆ.

ನಮ್ಮ ಸದಸ್ಯರ ಮಗಳು ವಾರಕ್ಕೆ ನಾಲ್ಕೇ ದಿನ ಹೋಗುವವಳು. "ಪೂರ್ತಿ ನೌಕರಳಲ್ಲ, ರಜೆ ಇಲ್ಲ" ಎಂದೇ ಮನೆಯವರೆಲ್ಲ ನಂಬಿದ್ದರು. ಲೆಕ್ಕ ಹಾಕಿ ನೋಡಿದರೆ ವರ್ಷದಲ್ಲಿ 80 ದಿನಗಳ ಎರಡರಷ್ಟಕ್ಕೂ ಮೀರಿ ಕೆಲಸ ಮಾಡಿದ್ದಳು. ಅರೆಕಾಲಿಕ ದುಡಿಮೆ ಎಂಬ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ. ದಿನಗಳ ಲೆಕ್ಕ ಮುಖ್ಯ. ಈ ಒಂದು ಸಂಗತಿ ತಿಳಿದದ್ದರಿಂದಲೇ ಆ ಮನೆಗೆ ಅರ್ಧ ವರ್ಷದ ಆಧಾರ ಸಿಕ್ಕಿತು.

ಸೈನ್ಯದಲ್ಲಿರುವ ಹೆಣ್ಣುಮಕ್ಕಳು

ಪ್ರಾದೇಶಿಕ ಸೈನ್ಯದ ಕಾಯಿದೆಯಲ್ಲಿರುವ "ಯಾವುದೇ ವ್ಯಕ್ತಿ" ಎಂಬ ಮಾತಿನಲ್ಲಿ ಹೆಣ್ಣುಮಕ್ಕಳೂ ಸೇರುತ್ತಾರೆಂದು ದೆಹಲಿ ಹೈಕೋರ್ಟು 2018ರ ಜನವರಿಯಲ್ಲಿ ತೀರ್ಪು ನೀಡಿತು. ಪೂರ್ಣಕಾಲಿಕ ಸೇನೆಗಳಲ್ಲಿ ಹೆರಿಗೆ, ಶಿಶುಪಾಲನೆ ಮತ್ತು ದತ್ತು ರಜೆಗಳನ್ನು ಮಹಿಳಾ ಅಧಿಕಾರಿಗಳಿಗೆ ಇರುವಂತೆಯೇ ಸಾಮಾನ್ಯ ಮಹಿಳಾ ಸೈನಿಕರಿಗೂ ಕೊಡಬೇಕೆಂಬ ಪ್ರಸ್ತಾಪಕ್ಕೆ ರಕ್ಷಣಾ ಮಂತ್ರಾಲಯ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಹೆರಿಗೆಗೆ 180 ದಿನ, ಎರಡು ಮಕ್ಕಳವರೆಗೆ. ಶಿಶುಪಾಲನೆಗೆ ಇಡೀ ಸೇವೆಯಲ್ಲಿ 360 ದಿನ.

ಆದರೆ ವರ್ಷಕ್ಕೆ ಎರಡು ತಿಂಗಳು ಮಾತ್ರ ಸೈನಿಕಳಾಗಿರುವವಳಿಗೆ 180 ದಿನಗಳ ಲೆಕ್ಕ ಹೇಗೆ ಹೊಂದೀತು? ಈ ತೊಡಕನ್ನು ಅಮೆರಿಕದಲ್ಲಿ ಬೇರೆ ಬಗೆಯಲ್ಲಿ ಬಿಡಿಸಿದ್ದಾರೆ. ಅಲ್ಲಿನ ಮೀಸಲು ಸೈನಿಕರಿಗೆ ತಿಂಗಳಿಗೊಮ್ಮೆ ಶನಿವಾರ ಭಾನುವಾರ ಕವಾಯತು ಇರುತ್ತದೆ. ಒಂದು ವಾರಾಂತ್ಯಕ್ಕೆ ನಾಲ್ಕು ಪಾಳಿ. ಹಿಂದೆ ಬಾಣಂತಿ ಕವಾಯತು ತಪ್ಪಿಸಿದರೆ ಆ ಸಂಬಳವೂ ಹೋಗುತ್ತಿತ್ತು, ನಿವೃತ್ತಿ ವೇತನದ ಅಂಕವೂ ಹೋಗುತ್ತಿತ್ತು. ಈಗ ಹೆತ್ತ ತಾಯಿ ಹನ್ನೆರಡು ಪಾಳಿಗಳನ್ನು, ಅಂದರೆ ಮೂರು ತಿಂಗಳ ಕವಾಯತನ್ನು, ಸಂಬಳ ಮತ್ತು ಅಂಕಗಳೊಂದಿಗೆ ಬಿಡಬಹುದು. ಭೂಸೈನ್ಯದ 2022ರ ಆದೇಶದಲ್ಲಿ ಇದು ಸೇರಿದೆ. ರಜೆಯನ್ನು ತಿಂಗಳುಗಳಲ್ಲಿ ಅಳೆಯದೆ ಕರೆಯ ಪಾಳಿಗಳಲ್ಲಿಯೇ ಅಳೆದದ್ದು ಜಾಣತನ. ನಮ್ಮ ದೇಶದ ಅರೆಕಾಲಿಕ ಸೈನಿಕರಿಗೂ, ತಂದೆಯರನ್ನೂ ಸೇರಿಸಿ, ಇಂಥ ಅಳತೆಯ ನಿಯಮ ಬರುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಗೃಹರಕ್ಷಕ ದಳದಲ್ಲಿರುವ ನಮ್ಮ ಹುಡುಗರ ಬಗ್ಗೆಯೂ ಒಂದು ಮಾತು. 1962ರ ಕರ್ನಾಟಕದ ಕಾಯಿದೆಯಂತೆ ಇದು ಸ್ವಯಂಸೇವೆ. ಕೆಲಸ ಮಾಡಿದ ದಿನಕ್ಕೆ ಕರ್ತವ್ಯ ಭತ್ಯೆ. ಆ ಭತ್ಯೆ ಪೋಲೀಸರ ಕನಿಷ್ಠ ವೇತನಕ್ಕೆ ಸಮನಾಗಿರಬೇಕೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದ್ದು ದೊಡ್ಡ ಉಪಕಾರ. ಆದರೆ ದಿನಕ್ಕೆ ಭತ್ಯೆ ಎಂದ ಮೇಲೆ ಮನೆಯಲ್ಲಿ ಕುಳಿತ ದಿನಕ್ಕೆ ಏನೂ ಇಲ್ಲ ಎಂಬುದೂ ಅದರಲ್ಲೇ ಅಡಗಿದೆ.

ಸದಸ್ಯರು ಮಾಡಬೇಕಾದದ್ದು

1. ಕರೆ ಬಂದ ಆದೇಶದ ನಕಲನ್ನು ಕೂಡಲೇ ಮಾಲೀಕನಿಗೆ ಕೊಟ್ಟು, ಇನ್ನೊಂದು ನಕಲಿನ ಮೇಲೆ ತಲುಪಿದ ಸಹಿ ಪಡೆಯಿರಿ. ಬಿಡುಗಡೆಯಾದ ದಿನದ ಪತ್ರವನ್ನೂ ಜೋಪಾನವಾಗಿಡಿ.

2. ಹೆರಿಗೆಯ ಅಂದಾಜು ದಿನ ತಿಳಿದೊಡನೆ ಪಡೆಗೂ ಕಂಪನಿಗೂ ಒಂದೇ ದಿನ, ಬೇರೆಬೇರೆ ಅರ್ಜಿ ಬರೆಯಿರಿ. ಬಾಯಿಮಾತು ಸಾಲದು.

3. ದುಡಿಯುವ ಸೊಸೆ ಮಗಳಂದಿರ ಹಾಜರಿಯ ದಿನಗಳನ್ನು ಎಣಿಸಿ. 80 ದಾಟಿದ್ದರೆ ಲಿಖಿತ ನೋಟೀಸು ಕೊಡಿ.

4. ಇಂಥ ಸೌಲಭ್ಯ ಇಲ್ಲದ ತಾಯಂದಿರು ಅಂಗನವಾಡಿಯಲ್ಲಿ ಮಾತೃವಂದನಾ ಯೋಜನೆಯ ಬಗ್ಗೆ ವಿಚಾರಿಸಲಿ. ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ 6,000 ರೂಪಾಯಿ.

ಕೊನೆಯದಾಗಿ

ನಮ್ಮ ಸದಸ್ಯರ ಅಳಿಯ ಈ ರೀತಿ ಬರೆದುಕೊಂಡ ಮೇಲೆ ಪಡೆಯವರು ಹೆರಿಗೆಯ ಹೊತ್ತಿಗೆ ಹತ್ತು ದಿನ ಬಿಟ್ಟುಕೊಟ್ಟರು. ತರಬೇತಿ ಮುಗಿದ ಮೇಲೆ ಕಂಪನಿಯಲ್ಲಿ ಉಳಿದಿದ್ದ ಗಳಿಕೆ ರಜೆ ಆರು ದಿನ ಸಿಕ್ಕಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ.

ಆದರೆ ಮಗಳ ಬಾಣಂತನಕ್ಕೆಂದು ತೋಟ ಬಿಟ್ಟು ತಿಲಕ್ ನಗರದ ಎರಡು ಕೋಣೆಯ ಮನೆಯಲ್ಲಿ ಮೂರು ತಿಂಗಳು ಕಳೆದ ಅಜ್ಜಿಗೆ ರಜೆ ಕೊಟ್ಟವರು ಯಾರು? ಆಕೆಯ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಬೆಳಗಾಗೆದ್ದು ಆಳುಗಳಿಗೆ ಕಾಫಿ ತಿಂಡಿ ಮಾಡುವುದರಿಂದ ಹಿಡಿದು, ರಾತ್ರಿ ಅಡಿಕೆ ಸುಲಿಯಲು ಕೂರುವವರೆಗೆ ಆಕೆ ಮಾಡುತ್ತಿದ್ದ ಕೆಲಸ ಆ ಮೂರು ತಿಂಗಳು ಹಾಗೆಯೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಏಕೆಂದರೆ ಅಕ್ಕಪಕ್ಕದ ನಾಲ್ಕು ಮನೆಯವರು ಮುಯ್ಯಾಳು ಬಂದು ಅಡಿಕೆ ಸುಲಿದು ಬೇಯಿಸಿಕೊಟ್ಟರು, ಕಣದ ಕಾಫಿ ನೋಡಿಕೊಂಡರು. ಸಣ್ಣ ಹಿಡುವಳಿದಾರರಾದ ನಮಗೆ ಯಾವ ಕಾಯಿದೆಯೂ ಕೊಡದ ರಜೆಯನ್ನು ಇಷ್ಟು ದಿನ ಕೊಡುತ್ತಾ ಬಂದಿರುವುದು ಈ ಮುಯ್ಯಿ ಒಂದೇ.

ಈ ಸಾಲಿನ ಕುಯ್ಲಿನಲ್ಲಿ ಯಾರ ಮನೆಯಲ್ಲಾದರೂ ಬಾಣಂತನವಿದ್ದರೆ, ಅಥವಾ ಮಗನಿಗೋ ಅಳಿಯನಿಗೋ ಸೈನ್ಯದ ಕರೆ ಬಂದಿದ್ದರೆ, ಸಂಘದ ಕಚೇರಿಗೆ ಮುಂಚಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಅರ್ಜಿ ಬರೆಯಲು ನೆರವಾಗುತ್ತೇವೆ. ಮುಯ್ಯಾಳಿಗೆ ಹೊಂದುವ ಮನೆಗಳನ್ನೂ ಗೊತ್ತುಮಾಡಿಕೊಡುತ್ತೇವೆ.