ಓಟ್ಸ್-ಒಣದ್ರಾಕ್ಷಿ ಬಾರ್: ಬೇಯುವಾಗ ಏನಾಗುತ್ತದೆ?

'ಓಟ್ಸ್ ಹಾಕಿದ ತಿಂಡಿ, ಹೃದಯಕ್ಕೆ ಒಳ್ಳೆಯದು' ಎಂಬ ಮಾತನ್ನು ನೀವೂ ಕೇಳಿರಬಹುದು. ಬೇಕರಿಯ ಗಾಜಿನ ಕಪಾಟಿನಲ್ಲಿ, ಪೊಟ್ಟಣಗಳ ಮೇಲೆ ಈ ಮಾತು ಈಗ ಸಾಮಾನ್ಯ. ಅಮೆರಿಕದ ಮನೆಗಳಲ್ಲಿ ಬಹುಕಾಲದಿಂದ ಮಾಡುತ್ತಿರುವ ಓಟ್ಸ್-ಒಣದ್ರಾಕ್ಷಿ ಕುಕಿ ಬಾರ್ ಅಂಥ ಒಂದು ತಿಂಡಿ. ನಮ್ಮ ಬರ್ಫಿಯ ಹಾಗೆ ಹಿಟ್ಟನ್ನು ತಟ್ಟೆಗೆ ಹರಡಿ, ಓವನ್‌ನಲ್ಲಿ ಬೇಯಿಸಿ, ಮೇಲೆ ಸಕ್ಕರೆಯ ಲೇಪ ಕೊಟ್ಟು ಚೌಕವಾಗಿ ಕತ್ತರಿಸುತ್ತಾರೆ. ಇದನ್ನು ಮನೆಯಲ್ಲೇ ಮಾಡುವುದು ಸುಲಭ. ಮಾಡುತ್ತಾ ಹೋದರೆ ಬೇಯಿಸುವಿಕೆಯ ರಸಾಯನಶಾಸ್ತ್ರವೂ ತಿಳಿಯುತ್ತದೆ; ಆ 'ಒಳ್ಳೆಯದು' ಎಂಬ ಮಾತು ಎಷ್ಟು ನಿಜ ಎಂದು ಲೆಕ್ಕ ಹಾಕಲೂ ಬರುತ್ತದೆ.

ಕುದುರೆಯ ಮೇವಿನಿಂದ ಮನೆಯ ತಿಂಡಿಗೆ

ಓಟ್ಸ್ ಹುಲ್ಲಿನ ಕುಟುಂಬದ ಧಾನ್ಯ. ಇದರ ವೈಜ್ಞಾನಿಕ ಹೆಸರು ಅವೆನಾ ಸಟೈವಾ. 19ನೆಯ ಶತಮಾನದ ನಡುವಿನವರೆಗೆ ಅಮೆರಿಕದಲ್ಲಿ ಇದು ಮುಖ್ಯವಾಗಿ ಕುದುರೆಗಳ ಮೇವಾಗಿತ್ತು. ಜರ್ಮನಿಯಿಂದ ವಲಸೆ ಬಂದ ಫರ್ಡಿನಾಂಡ್ ಶೂಮಾಕರ್ ಎಂಬವರು 1856ರಲ್ಲಿ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಗಿರಣಿ ಹಾಕಿ, ಜನರ ಊಟಕ್ಕೆಂದು ಓಟ್ಸ್ ಮಾರತೊಡಗಿದರು. 1877ರಲ್ಲಿ ಅದೇ ರಾಜ್ಯದ ರವೆನ್ನಾದ ಇನ್ನೊಂದು ಗಿರಣಿ 'ಕ್ವೇಕರ್' ಎಂಬ ಮುದ್ರೆಯನ್ನು ನೋಂದಾಯಿಸಿತು.

ಓಟ್ಸ್ ಕಾಳಿನಲ್ಲಿ ಇತರ ಧಾನ್ಯಗಳಿಗಿಂತ ಹೆಚ್ಚು, ಅಂದರೆ ನೂರಕ್ಕೆ 6-7 ಭಾಗದಷ್ಟು, ಕೊಬ್ಬು ಇದೆ. ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಅದರಲ್ಲೇ ಇದೆ. ಕಾಳನ್ನು ಹಾಗೆಯೇ ಒಡೆದಿಟ್ಟರೆ ಕಿಣ್ವ ಮತ್ತು ಕೊಬ್ಬು ಒಂದುಗೂಡಿ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಆದ್ದರಿಂದ ಗಿರಣಿಯಲ್ಲಿ ಮೊದಲು ಹಬೆ ಹಾಯಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತಾರೆ. ಅನಂತರ ಉರುಳೆಗಳ ನಡುವೆ ಒತ್ತಿ ಅವಲಕ್ಕಿಯಂತೆ ಚಪ್ಪಟೆ ಮಾಡುತ್ತಾರೆ. ಕುಕಿ ಬಾರ್‌ಗೆ ಬೇಕಾದುದು ಈ ದಪ್ಪನೆಯ ಓಟ್ಸ್. ತೀರ ತೆಳುವಾದ, ಬಿಸಿನೀರು ಹಾಕಿದೊಡನೆ ಕರಗುವ ಬಗೆಯನ್ನು ಬಳಸಿದರೆ ಅಗಿಯಲು ಏನೂ ಉಳಿಯದೆ ಬಾರ್ ಹಿಟ್ಟುಹಿಟ್ಟಾಗುತ್ತದೆ.

ಅಳತೆ

ಅಮೆರಿಕದ ಪಾಕಪುಸ್ತಕಗಳಲ್ಲಿ ಅಳತೆ 'ಕಪ್'ನಲ್ಲಿ, ಉಷ್ಣತೆ ಫ್ಯಾರನ್‌ಹೀಟ್‌ನಲ್ಲಿ ಇರುತ್ತದೆ. ಅಲ್ಲಿಯ ಒಂದು ಕಪ್ ಎಂದರೆ ಸುಮಾರು 237 ಮಿ.ಲೀ. ನಮ್ಮ ಮನೆಯ ಲೋಟ ಅಷ್ಟೇ ಇರಬೇಕೆಂದಿಲ್ಲ. 1896ರಲ್ಲಿ ಬಾಸ್ಟನ್ನಿನ ಫ್ಯಾನಿ ಫಾರ್ಮರ್ ಪ್ರಕಟಿಸಿದ ಅಡುಗೆ ಪುಸ್ತಕ ಹೆಸರಾದುದೇ ಅಳತೆಯ ಶಿಸ್ತಿನಿಂದ: ಕಪ್ಪನ್ನಾಗಲಿ ಚಮಚೆಯನ್ನಾಗಲಿ ಗೋಪುರದಂತೆ ತುಂಬದೆ ಚಾಕುವಿನಿಂದ ಸಮ ಮಾಡಬೇಕೆಂದು ಅವರು ಒತ್ತಿ ಹೇಳಿದರು. ತೂಕ ಮಾಡುವುದು ಇದಕ್ಕಿಂತಲೂ ನಿಖರ. ಕೆಳಗಿನ ಪ್ರಮಾಣ 20 ಸೆಂ.ಮೀ. ಉದ್ದಗಲದ ಚೌಕ ತಟ್ಟೆಗೆ, 5 ಸೆಂ.ಮೀ.ಗೆ ಒಂದರಂತೆ ಕತ್ತರಿಸಿದರೆ 16 ತುಂಡುಗಳಾಗುತ್ತವೆ.

ಬೆಣ್ಣೆ (ಉಪ್ಪಿಲ್ಲದ್ದು) – 115 ಗ್ರಾಂ
ಕಂದು ಸಕ್ಕರೆ ಅಥವಾ ಬೆಲ್ಲದ ಪುಡಿ – 100 ಗ್ರಾಂ
ಸಕ್ಕರೆ – 50 ಗ್ರಾಂ
ಮೊಟ್ಟೆ – 1
ಮೈದಾ – 95 ಗ್ರಾಂ
ಓಟ್ಸ್ – 135 ಗ್ರಾಂ
ಒಣದ್ರಾಕ್ಷಿ – 75 ಗ್ರಾಂ
ಅಡುಗೆ ಸೋಡ – ಅರ್ಧ ಟೀ ಚಮಚೆ
ದಾಲ್ಚಿನ್ನಿ ಪುಡಿ – ಅರ್ಧ ಟೀ ಚಮಚೆ
ಉಪ್ಪು – ಕಾಲು ಟೀ ಚಮಚೆ
ವೆನಿಲಾ – ಅರ್ಧ ಟೀ ಚಮಚೆ
ಲೇಪಕ್ಕೆ: ನುಣ್ಣನೆಯ ಪುಡಿಸಕ್ಕರೆ 120 ಗ್ರಾಂ, ಹಾಲು 20 ಮಿ.ಲೀ.

ಬೆಣ್ಣೆಯಲ್ಲಿ ಗಾಳಿ ತುಂಬುವುದು

ಮೊದಲ ಹಂತ, ಬೆಣ್ಣೆ ಮತ್ತು ಎರಡೂ ಬಗೆಯ ಸಕ್ಕರೆಯನ್ನು ಮೂರು-ನಾಲ್ಕು ನಿಮಿಷ ಚೆನ್ನಾಗಿ ಕಡೆಯುವುದು. ಸಕ್ಕರೆ ಹರಳಿನ ಮೊನಚು ಅಂಚುಗಳು ಬೆಣ್ಣೆಯನ್ನು ಸೀಳಿದಂತೆಲ್ಲ ಗಾಳಿಯ ಸಣ್ಣ ಗುಳ್ಳೆಗಳು ಅದರಲ್ಲಿ ಸೆರೆಯಾಗುತ್ತವೆ. ಮಿಶ್ರಣದ ಬಣ್ಣ ತಿಳಿಯಾಗುವುದು ಇದರಿಂದಲೇ. ಅಡುಗೆ ಸೋಡದಿಂದ ಹುಟ್ಟುವ ಅನಿಲ ಹೊಸ ಗುಳ್ಳೆಗಳನ್ನು ಸೃಷ್ಟಿಸುವುದಿಲ್ಲ. ಆಗಲೇ ಇರುವ ಗುಳ್ಳೆಗಳನ್ನು ಹಿಗ್ಗಿಸುತ್ತದೆ, ಅಷ್ಟೆ. ಕಡೆಯುವುದರಲ್ಲಿ ಸೋಮಾರಿತನ ಮಾಡಿದರೆ ಸೋಡ ಎಷ್ಟು ಹಾಕಿದರೂ ಬಾರ್ ಹಗುರಾಗದು.

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಸುಮಾರು 20 ಡಿಗ್ರಿ ಸೆಲ್ಸಿಯಸ್ ಸರಿಯಾದ ಉಷ್ಣತೆ. ಹಾಲಿನ ಕೊಬ್ಬು 32-35 ಡಿಗ್ರಿಗೆ ಪೂರ್ತಿ ಕರಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮೇಜಿನ ಮೇಲಿಟ್ಟ ಬೆಣ್ಣೆ ಎಣ್ಣೆಯೇ ಆಗುತ್ತದೆ. ಎಣ್ಣೆಯಲ್ಲಿ ಗಾಳಿ ನಿಲ್ಲದು. ಅಂಥಲ್ಲಿ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕಡೆಯಿರಿ. ಬೆಣ್ಣೆಯ ಬದಲು ತುಪ್ಪ ಹಾಕುವವರು ಒಂದು ವಿಷಯ ನೆನಪಿಡಬೇಕು. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರಿದೆ, ತುಪ್ಪದಲ್ಲಿ ಇಲ್ಲ. ಹಾಗಾಗಿ 95 ಗ್ರಾಂ ತುಪ್ಪ ಸಾಕು. ಜೊತೆಗೆ ಒಂದು ದೊಡ್ಡ ಚಮಚೆ ಹಾಲು ಸೇರಿಸಿ.

ಕಡೆದ ಬೆಣ್ಣೆಗೆ ಮೊಟ್ಟೆ ಮತ್ತು ವೆನಿಲಾ ಸೇರಿಸಿ ಮತ್ತೆ ಕಡೆಯಿರಿ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್, ಕೊಬ್ಬು ಮತ್ತು ನೀರು ಬೇರೆಯಾಗದಂತೆ ಹಿಡಿದಿಡುತ್ತದೆ. ಬೇಯುವಾಗ ಮೊಟ್ಟೆಯ ಪ್ರೋಟೀನು ಗಟ್ಟಿಯಾಗಿ ಎಲ್ಲವನ್ನೂ ಬಂಧಿಸುತ್ತದೆ. ಮೊಟ್ಟೆ ಬೇಡದವರು ಒಂದು ದೊಡ್ಡ ಚಮಚೆ ಅಗಸೆ ಬೀಜದ ಪುಡಿಯನ್ನು ಮೂರು ಚಮಚೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಬಹುದು. ಅಗಸೆಯ ಲೋಳೆ ಬಂಧಕದ ಕೆಲಸ ಮಾಡುತ್ತದೆ.

ಸೋಡ, ಬೆಲ್ಲ ಮತ್ತು ಹಿಟ್ಟು

ಅಡುಗೆ ಸೋಡ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಆಮ್ಲ ಸಿಕ್ಕಿದರೆ ಅದು ಕೂಡಲೇ ಕಾರ್ಬನ್ ಡೈಆಕ್ಸೈಡ್ ಬಿಡುಗಡೆ ಮಾಡುತ್ತದೆ. ಆಮ್ಲವಿಲ್ಲದಿದ್ದರೆ ಕಾಯಿಸಿದಾಗ ಒಡೆದು ಅರ್ಧದಷ್ಟೇ ಅನಿಲ ಕೊಡುತ್ತದೆ. ಉಳಿಯುವುದು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡ. ಸೋಡ ಹೆಚ್ಚಾದ ತಿಂಡಿ ಸಾಬೂನಿನ ರುಚಿ ಕೊಡುವುದು ಇದರಿಂದ. ಕಂದು ಸಕ್ಕರೆಯಲ್ಲಿರುವ ಕಾಕಂಬಿ ಸ್ವಲ್ಪ ಆಮ್ಲೀಯವಾದ್ದರಿಂದ ಸೋಡಕ್ಕೆ ಜೊತೆಯಾಗುತ್ತದೆ. ನಮ್ಮ ಬೆಲ್ಲದ ಸಂಗತಿ ಹಾಗಲ್ಲ. ಕಬ್ಬಿನ ಹಾಲನ್ನು ಶುದ್ಧ ಮಾಡುವಾಗ ಸುಣ್ಣ ಹಾಕಿದ್ದರೆ ಬೆಲ್ಲದ ಆಮ್ಲೀಯತೆ ಕಡಿಮೆ. ಬೆಲ್ಲ ಬಳಸುವಾಗ ಒಂದು ಟೀ ಚಮಚೆ ಮೊಸರು ಅಥವಾ ಕೆಲವು ಹನಿ ನಿಂಬೆರಸ ಸೇರಿಸಿ.

ಮೈದಾ, ಸೋಡ, ಉಪ್ಪು, ದಾಲ್ಚಿನ್ನಿ ಒಟ್ಟಿಗೆ ಜರಡಿ ಹಿಡಿದು ಬೆಣ್ಣೆಯ ಮಿಶ್ರಣಕ್ಕೆ ಹಾಕಿ. ಇಲ್ಲಿಂದ ಮುಂದೆ ಕಡೆಯಬೇಡಿ. ಹಿಟ್ಟು ಕಾಣದಾಗುವವರೆಗೆ ಮಾತ್ರ ಬೆರೆಸಿ. ಹೆಚ್ಚು ಕಲಸಿದಷ್ಟೂ ಗೋಧಿಯ ಗ್ಲುಟೆನ್ ಎಳೆಗಳು ಹೆಣೆದುಕೊಳ್ಳುತ್ತವೆ. ಚಪಾತಿಗೆ ಅದು ಬೇಕು, ಬಾರ್‌ಗೆ ಬೇಡ. ಕೊನೆಯಲ್ಲಿ ಓಟ್ಸ್ ಮತ್ತು ಒಣದ್ರಾಕ್ಷಿ ಸೇರಿಸಿ.

ಒಣದ್ರಾಕ್ಷಿಯನ್ನು ನೆನೆಸಬೇಕೆ?

ಹಸಿ ದ್ರಾಕ್ಷಿಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. ಒಣದ್ರಾಕ್ಷಿಯಲ್ಲಿ ಸುಮಾರು 15 ಭಾಗ ಮಾತ್ರ. ಒಂದು ಕಿಲೋ ಒಣದ್ರಾಕ್ಷಿಗೆ ನಾಲ್ಕು ಕಿಲೋದಷ್ಟು ಹಣ್ಣು ಬೇಕಾಗುವುದು ಅದಕ್ಕಾಗಿ. ಅಮೆರಿಕದ ಒಣದ್ರಾಕ್ಷಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸುತ್ತಮುತ್ತಲಿಂದ ಬಂದರೆ, ನಮಗೆ ವಿಜಯಪುರ ಜಿಲ್ಲೆಯೇ ಇದೆ. ಅಲ್ಲಿ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಅಟ್ಟಣಿಗೆಗಳ ಮೇಲೆ ಒಣಗಿಸುತ್ತಾರೆ. ದ್ರಾವಣ ಸಿಪ್ಪೆಯ ಮೇಲಿನ ಮೇಣದ ಪದರವನ್ನು ಸಡಿಲಗೊಳಿಸುವುದರಿಂದ ನೀರು ಬೇಗ ಹೊರಬರುತ್ತದೆ.

ಇಷ್ಟು ಒಣಗಿದ ಹಣ್ಣು ಹಿಟ್ಟಿನೊಳಗೆ ಸುಮ್ಮನಿರುವುದಿಲ್ಲ. ಅದರಲ್ಲಿ ಸಕ್ಕರೆ ಸಾಂದ್ರವಾಗಿರುವುದರಿಂದ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ. ಈ ಹಿಟ್ಟಿನಲ್ಲಿ ನೀರಿರುವುದೇ ಸ್ವಲ್ಪ. ಆದ್ದರಿಂದ ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಸಿದು, ಬಟ್ಟೆಯಲ್ಲಿ ಒರೆಸಿ ಹಾಕಿ. ಬಾರ್ ಮೂರು ದಿನ ಮೆತ್ತಗಿರುತ್ತದೆ.

ಓವನ್‌ನೊಳಗೆ

ಓವನ್ ಮೊದಲೇ 175 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಲಿ. ತಟ್ಟೆಗೆ ಬೆಣ್ಣೆ ಸವರಿ, ಬೇಕಿಂಗ್ ಕಾಗದ ಹಾಸಿ ಹಿಟ್ಟನ್ನು ಸಮನಾಗಿ ಒತ್ತಿ. 25ರಿಂದ 30 ನಿಮಿಷ ಬೇಕು. ತಟ್ಟೆ ಕಪ್ಪಾಗಿದ್ದರೆ ವಿಕಿರಣವನ್ನು ಹೆಚ್ಚು ಹೀರಿ ತಳ ಬೇಗ ಸೀಯುತ್ತದೆ. ಐದು ನಿಮಿಷ ಮೊದಲೇ ನೋಡಿ.

ಒಳಗೆ ನಡೆಯುವುದಿಷ್ಟು: ಬೆಣ್ಣೆ ಕರಗುತ್ತದೆ, ಗುಳ್ಳೆಗಳು ಹಿಗ್ಗುತ್ತವೆ, ಮೊಟ್ಟೆಯ ಪ್ರೋಟೀನು ಗಟ್ಟಿಯಾಗುತ್ತದೆ, ಸಿಕ್ಕಷ್ಟು ನೀರು ಕುಡಿದು ಪಿಷ್ಟ ಉಬ್ಬುತ್ತದೆ. ನೀರು ಇರುವವರೆಗೆ ಒಳಭಾಗದ ಉಷ್ಣತೆ 100 ಡಿಗ್ರಿ ದಾಟುವುದಿಲ್ಲ. ಮೇಲ್ಮೈ ಮಾತ್ರ ಒಣಗಿ ಅದಕ್ಕಿಂತ ಹೆಚ್ಚು ಕಾಯುತ್ತದೆ. ಸುಮಾರು 140 ಡಿಗ್ರಿ ತಲುಪಿದಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಕ್ರಿಯೆ ಚುರುಕಾಗಿ ಕಂದು ಬಣ್ಣ, ಹುರಿದ ಪರಿಮಳ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಾಮಿಲ್ ಮೇಯಾರ್ ಹೆಸರಿನಲ್ಲೇ ಇದು ಮೇಯಾರ್ ಕ್ರಿಯೆ ಎನಿಸಿದೆ.

ಬಿಡಿ ಬಿಸ್ಕತ್ತಿಗೆ ಸುತ್ತಲೂ ಅಂಚಿದೆ; ಬಾರ್‌ಗೆ ಬಿಸಿ ನೇರವಾಗಿ ತಾಗುವುದು ಮೇಲೆ ಮತ್ತು ಕೆಳಗೆ ಮಾತ್ರ. ಆದ್ದರಿಂದ ನಡುವಿನ ತುಂಡುಗಳು ಮೆತ್ತಗೆ, ಮೂಲೆಯವು ಗರಿಗರಿ. ಅಂಚು ತಟ್ಟೆಯಿಂದ ಬಿಟ್ಟು, ನಡುವೆ ಚುಚ್ಚಿದ ಹಲ್ಲುಕಡ್ಡಿಗೆ ಹಸಿ ಹಿಟ್ಟು ಅಂಟದೆ ಒಂದೆರಡು ಪುಡಿ ಮಾತ್ರ ಅಂಟಿದರೆ ಹೊರತೆಗೆಯಿರಿ. ಒಳಗಿನ ಬಿಸಿಯಲ್ಲಿ ಉಳಿದದ್ದು ಬೇಯುತ್ತದೆ.

ಹಿಟ್ಟಿನ ರುಚಿ ನೋಡಲು ಮಕ್ಕಳು ಪಾತ್ರೆ ನೆಕ್ಕುವುದುಂಟು, ಬಿಡಬೇಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲ ಇರಬಹುದೆಂಬುದು ಬಹುಜನರಿಗೆ ಗೊತ್ತು. ಮೊಟ್ಟೆಯಿಲ್ಲದ ಹಿಟ್ಟೂ ಸುರಕ್ಷಿತವಲ್ಲ ಎಂಬುದು ಅಷ್ಟಾಗಿ ತಿಳಿಯದು. 2016ರಲ್ಲಿ ಅಮೆರಿಕದಲ್ಲಿ ಹಸಿ ಮೈದಾದ ಮೂಲಕ ಹರಡಿದ ಇ. ಕೋಲಿ ಸೋಂಕಿನಿಂದ 60ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಹಿಟ್ಟು ಒಣಗಿದೆ ಎಂದ ಮಾತ್ರಕ್ಕೆ ಅದರಲ್ಲಿ ಬ್ಯಾಕ್ಟೀರಿಯ ಸತ್ತಿರುವುದಿಲ್ಲ.

ಬಿಳಿಯ ಲೇಪ

ಪುಡಿಸಕ್ಕರೆಗೆ ಹಾಲನ್ನು ಹನಿಹನಿಯಾಗಿ ಬೆರೆಸಿದರೆ ಲೇಪ ಸಿದ್ಧ. ಅದು ಬೆಳ್ಳಗೆ ಏಕೆ ಕಾಣುತ್ತದೆ? ಕೋಣೆಯ ಉಷ್ಣತೆಯಲ್ಲಿ ನೀರು ತನ್ನ ತೂಕದ ಸುಮಾರು ಎರಡರಷ್ಟು ಸಕ್ಕರೆಯನ್ನು ಕರಗಿಸಬಲ್ಲದು. 20 ಮಿ.ಲೀ. ಹಾಲಿನಲ್ಲಿ ಕರಗುವುದು 35 ಗ್ರಾಂ ಆಸುಪಾಸು. ಉಳಿದ 85 ಗ್ರಾಂ ಸೂಕ್ಷ್ಮ ಹರಳುಗಳಾಗಿಯೇ ಉಳಿದು ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುತ್ತವೆ. ಬಾರ್ ಬಿಸಿಯಿರುವಾಗ ಹಚ್ಚಿದರೆ ಹರಳು ಇನ್ನಷ್ಟು ಕರಗಿ, ಲೇಪ ಪಾರದರ್ಶಕ ಪಾಕವಾಗಿ ಒಳಗಿಳಿಯುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

ಈಗ ಲೆಕ್ಕ

ಓಟ್ಸ್‌ನ ಕೀರ್ತಿಗೆ ಕಾರಣ ಬೀಟಾ ಗ್ಲೂಕನ್ ಎಂಬ ಕರಗುವ ನಾರು. ಕರುಳಿನಲ್ಲಿ ಇದು ಲೋಳೆಯಾಗಿ ಪಿತ್ತಾಮ್ಲಗಳನ್ನು ಹಿಡಿದು ಹೊರಸಾಗಿಸುತ್ತದೆ. ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಪೊಟ್ಟಣಗಳ ಮೇಲೆ ಹೃದಯದ ಮಾತು ಮುದ್ರಿಸಲು ಒಪ್ಪಿತು. ಅದಕ್ಕೆ ಹೇಳಿದ ಪ್ರಮಾಣ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್. ಇಡೀ ಆಹಾರದಲ್ಲಿ ಪರ್ಯಾಪ್ತ ಕೊಬ್ಬು ಕಡಿಮೆ ಇರಬೇಕೆಂಬುದೂ ಆ ಮಾತಿನ ಭಾಗವೇ.

ಓಟ್ಸ್‌ನಲ್ಲಿ ಬೀಟಾ ಗ್ಲೂಕನ್ ನೂರಕ್ಕೆ ಸುಮಾರು 4 ಭಾಗ. ನಮ್ಮ 135 ಗ್ರಾಂ ಓಟ್ಸ್‌ನಲ್ಲಿ 5.4 ಗ್ರಾಂ, 16 ತುಂಡಿಗೆ ಹಂಚಿದರೆ ತುಂಡಿಗೆ 0.34 ಗ್ರಾಂ. ಅಂದರೆ 3 ಗ್ರಾಂ ಸಿಗಲು ದಿನಕ್ಕೆ 9 ತುಂಡು ತಿನ್ನಬೇಕು! ಒಂದು ತುಂಡಿನಲ್ಲಿ ನಾವು ಹಾಕಿದ ಸಕ್ಕರೆ ಸುಮಾರು 17 ಗ್ರಾಂ, ಬೆಣ್ಣೆ 7 ಗ್ರಾಂ. ಒಂಬತ್ತು ತುಂಡಿಗೆ ಸಕ್ಕರೆ 150 ಗ್ರಾಂ, ಬೆಣ್ಣೆ 65 ಗ್ರಾಂ. ಬೆಣ್ಣೆಯ ಅರ್ಧದಷ್ಟು ಪರ್ಯಾಪ್ತ ಕೊಬ್ಬೇ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ 2000 ಕಿಲೋಕ್ಯಾಲರಿ ಆಹಾರ ಸೇವಿಸುವವರಿಗೆ ಇಂಥ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು. 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಒಂದೂವರೆ ತುಂಡಿಗೇ ಆ 25 ಗ್ರಾಂ ಮುಗಿಯುತ್ತದೆ. ಅದೇ 3 ಗ್ರಾಂ ನಾರು 75 ಗ್ರಾಂ ಓಟ್ಸ್‌ನ ಸಾದಾ ಗಂಜಿಯಲ್ಲಿ ಸಿಗುತ್ತದೆ. ಮಧುಮೇಹ ಇರುವವರು 'ಓಟ್ಸ್ ತಾನೆ' ಎಂದು ಈ ಬಾರ್ ತಿನ್ನುವುದು ಅಪಾಯ. ಮೈದಾ ಇರುವುದರಿಂದ ಗ್ಲುಟೆನ್ ಒಗ್ಗದವರಿಗೂ ಇದು ಸಲ್ಲದು.

ಸಕ್ಕರೆ ಕಡಿಮೆ ಮಾಡಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಹಿಟ್ಟಿನ ಸಕ್ಕರೆ ಸಿಹಿಗಷ್ಟೇ ಅಲ್ಲ. ಗಾಳಿ ತುಂಬಲು, ನೀರು ಹಿಡಿದಿಡಲು, ಗ್ಲುಟೆನ್ ಬಿರುಸಾಗದಂತೆ ತಡೆಯಲು ಬೇಕು. ಅದನ್ನು ತೀರ ಇಳಿಸಿದರೆ ಬಾರ್ ಒಣಗಿ ಗಟ್ಟಿಯಾಗುತ್ತದೆ. ಲೇಪದ ಸಕ್ಕರೆಗೆ ಅಂಥ ಕೆಲಸವೇನಿಲ್ಲ. 120 ಗ್ರಾಂ ಬದಲು 40 ಗ್ರಾಂ ಪುಡಿಸಕ್ಕರೆಯನ್ನು ಒಂದೂವರೆ ಟೀ ಚಮಚೆ ಹಾಲಿನಲ್ಲಿ ಕಲಸಿ, ಚಮಚೆಯಿಂದ ಗೆರೆಗೆರೆಯಾಗಿ ಇಳಿಬಿಡಿ. ತುಂಡಿಗೆ ಸಕ್ಕರೆ 17ರಿಂದ 12 ಗ್ರಾಂಗೆ ಇಳಿಯುತ್ತದೆ, ನೋಟವೂ ಕೆಡುವುದಿಲ್ಲ.

ಮನೆಯಲ್ಲಿ ಮಾಡಿದಾಗ ಒಂದು ಪ್ರಯೋಗ ನಡೆಸಿ. ಒಣದ್ರಾಕ್ಷಿಯ ಅರ್ಧವನ್ನು ನೆನೆಸಿ, ಅರ್ಧವನ್ನು ಹಾಗೆಯೇ ಇಟ್ಟು, ಹಿಟ್ಟನ್ನು ಎರಡು ಪಾಲು ಮಾಡಿ ಒಂದೇ ತಟ್ಟೆಯ ಎರಡು ಬದಿಗಳಲ್ಲಿ ಹರಡಿ. ಎರಡೂ ಬದಿಯ ತುಂಡುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಗಾಳಿಯಾಡದಂತೆ ಮುಚ್ಚಿಡಿ. ಮೂರು ದಿನ, ದಿನಕ್ಕೊಂದು ತುಂಡು ಮುರಿದು ಯಾವುದು ಎಷ್ಟು ಗಟ್ಟಿಯಾಯಿತೆಂದು ಬರೆದಿಡಿ. ಮುರಿದ ತುಂಡನ್ನು ಮನೆಯವರೆಲ್ಲ ಹಂಚಿಕೊಂಡರೆ ಸಕ್ಕರೆಯ ಲೆಕ್ಕವೂ ಮಿತಿಯಲ್ಲೇ ಇರುತ್ತದೆ.